ಒಂದೂವರೆ ಬೆರಳು

ನುರಾತಾ ಊರಿನ ಬುಗ್ಗೆಯಲ್ಲಿ ಮೀನುಗಳಿವೆ. ಅವನ್ನು ಯಾರೂ ಹಿಡಿಯುವುದಿಲ್ಲ, ಯಾರೂ ತಿನ್ನುವುದಿಲ್ಲ. ಅವು ದೇವರ ಮೀನು. ಆ ಬುಗ್ಗೆಯ ಕಟ್ಟೆಯ ಮೇಲೆ ಒಂದು ಬುಧವಾರ, ಬಿಸಿಲು ನೆತ್ತಿಗೇರುವ ಹೊತ್ತಿನಲ್ಲಿ, ಕುಮ್ರಿ ಎಂಬ ಹೆಂಗಸು ಮೊಣಕಾಲು ಅಪ್ಪಿಕೊಂಡು ಮೀನು ನೋಡುತ್ತಾ ಕೂತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಸಬೋಹತ್ ಅದನ್ನು ಕಂಡಳು. ಕಂಡವಳಿಗೆ ಒಳಗೆಲ್ಲೋ ಕೆಂಡ ಇಟ್ಟಂತಾಯಿತು.

ಸಬೋಹತ್‌ಳ ಬಗಲಲ್ಲಿ ಮೂರು ಮನೆಯ ಬಟ್ಟೆಯ ಗಂಟಿತ್ತು. ಬೆಳಗಿನ ನಮಾಜು ಮುಗಿಸಿ ಮನೆ ಬಿಟ್ಟವಳು ಒಂದು ಬಟ್ಟಲು ಚಹಾಕ್ಕೂ ಎಲ್ಲೂ ಕೂತಿರಲಿಲ್ಲ. ಇಬ್ಬರದೂ ಒಂದೇ ಕಸುಬು. ಇಬ್ಬರೂ ಒಬ್ಬಳೇ ಮುದುಕಿಯ ಕಾಲ ಬಳಿ ಕೂತು ಕಲಿತವರು. ಹಾಗಿರುವಾಗ ಇವಳಿಗೆ ಮೀನು ನೋಡಲು ಹೊತ್ತು ಹೇಗೆ ಸಿಕ್ಕಿತು, ತನಗೆ ಯಾಕೆ ಸಿಗಲಿಲ್ಲ, ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಮನೆ ಮುಟ್ಟುವಷ್ಟರಲ್ಲಿ ಬೆಳೆದು ದೊಡ್ಡದಾಗಿತ್ತು.

ಅವರ ಕಸುಬು ನಕ್ಷೆ ಬರೆಯುವುದು. ಆ ಸೀಮೆಯಲ್ಲಿ ಮಗಳ ಮದುವೆ ಎಂದರೆ ಅವಳ ಹಾಸಿಗೆಯ ಮೇಲಿನ ಗೋಡೆಗೆ ತೂಗಹಾಕಲು ದೊಡ್ಡ ಕಸೂತಿ ಬಟ್ಟೆ ಬೇಕು, ಸೂಜನಿ ಎನ್ನುತ್ತಾರೆ. ಕೆಟ್ಟ ಕಣ್ಣು, ಕೆಟ್ಟ ಗಾಳಿ ಮದುಮಗಳ ಹತ್ತಿರ ಸುಳಿಯದಂತೆ ಅದು ಕಾಯುತ್ತದೆಂದು ನಂಬಿಕೆ. ಸೂಜಿ ಹಿಡಿಯುವ ಕೈ ಮನೆಮನೆಗೂ ಇದೆ. ಆದರೆ ಹೂವು ಎಲ್ಲಿ ಅರಳಬೇಕು, ಬಳ್ಳಿ ಎಲ್ಲಿ ಹೊರಳಬೇಕು ಎಂದು ಬಿಳಿ ಬಟ್ಟೆಯ ಮೇಲೆ ಗೆರೆ ಎಳೆದು ಕೊಡುವ ಕೈ ಊರಿಗೆ ಒಂದೋ ಎರಡೋ. ಉದ್ದನೆಯ ನಾಲ್ಕು ಪಟ್ಟಿಗಳನ್ನು ಸಡಿಲ ಟಾಕು ಹಾಕಿ ಜೋಡಿಸಿ ನೆಲಕ್ಕೆ ಹಾಸುತ್ತಾರೆ. ನಕ್ಷೆಗಾರ್ತಿ ಬರೆದು ಮುಗಿಸಿದ ಮೇಲೆ ಟಾಕು ಬಿಚ್ಚಿ ಒಂದು ಪಟ್ಟಿ ತಾಯಿಗೆ, ಒಂದು ಸೋದರತ್ತೆಗೆ, ಒಂದು ಚಿಕ್ಕಮ್ಮನಿಗೆ ಎಂದು ಹಂಚಿಕೊಳ್ಳುತ್ತಾರೆ. ಆರೇಳು ತಿಂಗಳು ಕಳೆದು ಕಸೂತಿ ಮುಗಿದ ಮೇಲೆ ನಂಟರಿಷ್ಟರು ಸೇರಿ ಪಟ್ಟಿಗಳನ್ನು ಮತ್ತೆ ಕೂಡಿಸುತ್ತಾರೆ. ಎಲ್ಲ ಮುಗಿದರೂ ಮೂಲೆಯಲ್ಲಿ ಒಂದು ಎಲೆಯನ್ನು ಮಾತ್ರ ಹೊಲಿಯದೆ ಬರಿಗೆರೆಯಾಗಿಯೇ ಬಿಟ್ಟಿರುತ್ತಾರೆ.

ಲೇಖನಿ ಬಟ್ಟೆಗೆ ತಾಗಿಸುವ ಮೊದಲು ನಕ್ಷೆಗಾರ್ತಿ ಅಂಗೈ ತೆರೆದು ಹೇಳುವ ಮಾತೊಂದಿದೆ: "ಇದು ನನ್ನ ಕೈಯಲ್ಲ, ಬೀಬಿ ಫಾತಿಮಾಳ ಕೈ." ಮೂವತ್ತು ವರ್ಷದಲ್ಲಿ ಸಬೋಹತ್ ಆ ಮಾತು ಹೇಳದೆ ಒಂದು ಗೆರೆಯನ್ನೂ ಎಳೆದವಳಲ್ಲ.

ಹಳೆಯ ಸರ್ಕಾರದ ಕಾಲದಲ್ಲಿ ಅವಳು ಕಸೂತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಆ ಸರ್ಕಾರ ಹೋಯಿತು, ಕಾರ್ಖಾನೆಯ ಬಾಗಿಲಿಗೆ ಬೀಗ ಬಿತ್ತು. ಅಂದಿನಿಂದ ಅವಳು ಯಾರ ಆಳೂ ಅಲ್ಲ. ಆದರೆ ಆಳಲ್ಲದವಳ ಭಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ಒಬ್ಬರಿಗೆ ಇಲ್ಲ ಎಂದರೆ ನಾಳೆ ಹತ್ತು ಜನ ಬರುವುದಿಲ್ಲ ಎಂಬ ಭಯ ಅದು. ಹಾಗಾಗಿ ಬಂದವರಿಗೆಲ್ಲ ಹೂಂ ಎಂದಳು. ಜ್ವರದಲ್ಲಿ ಬರೆದಳು, ಹಬ್ಬದ ಹಿಂದಿನ ದಿನ ಬರೆದಳು, ಸ್ವಂತ ಮಗಳ ಬಾಣಂತನದಲ್ಲೂ ತೊಟ್ಟಿಲ ಪಕ್ಕ ಬಟ್ಟೆ ಹಾಸಿ ಬರೆದಳು. ಸುತ್ತ ನಲವತ್ತು ಹಳ್ಳಿಗೆ ಅವಳೇ ಸಬೋಹತ್ ಓಪಾ, ಎಲ್ಲರ ಅಕ್ಕ.

ಕುಮ್ರಿ ಅವಳಿಗಿಂತ ಆರು ವರ್ಷ ಚಿಕ್ಕವಳು. ನವೋಯಿ ಪಟ್ಟಣದ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವಳು ಕೆಲಸ ಬಿಟ್ಟು ಮೂರು ವರ್ಷದ ಹಿಂದೆ ಊರಿಗೆ ಮರಳಿ ಇದೇ ಕಸುಬು ಹಿಡಿದಿದ್ದಳು. ಬಂದ ಹೊಸದರಲ್ಲಿ ಸಬೋಹತ್ ಪಾಪ ಅಂದುಕೊಂಡಿದ್ದಳು. ಆ ಪಾಪ ಹೆಚ್ಚು ದಿನ ಬಾಳಲಿಲ್ಲ. ಕುಮ್ರಿ ಒಂದು ಋತುವಿಗೆ ಮೂರೇ ಬಟ್ಟೆ ಹಿಡಿಯುತ್ತಿದ್ದಳು. ನಾಲ್ಕನೆಯವರು ಬಂದರೆ, ಚಹಾ ಕುಡಿಸಿ, ಕಾಯುವುದಾದರೆ ಕಾಯಿರಿ ಎನ್ನುತ್ತಿದ್ದಳು. ಬುಧವಾರ ಲೇಖನಿ ಮುಟ್ಟುತ್ತಿರಲಿಲ್ಲ. ಜನ ಮೂಗು ಮುರಿದು ಎದ್ದು ಹೋಗುತ್ತಾರೆಂದು ಸಬೋಹತ್ ಕಾದಳು. ಅವರು ಕಾದು ಕೂತರು. ಮದುವೆಯನ್ನೇ ಮುಂದಕ್ಕೆ ಹಾಕಿದವರೂ ಇದ್ದರು.

"ನಾಲ್ಕು ಜನ ತುಂಬೋವರೆಗೂ ನಾನು ಕಾರು ತೆಗೆಯಲ್ಲ," ಎಂದ ಸಬೋಹತ್‌ಳ ಗಂಡ ನಾರ್ಮತ್. ಅವನು ನುರಾತಾದಿಂದ ನವೋಯಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. "ಐದನೆಯವನು ಬಂದರೆ, ಅಣ್ಣ, ಮುಂದಿನ ಕಾರಿಗೆ ಬಾ ಅಂತೀನಿ. ನೀನು ಹತ್ತು ಜನರನ್ನ ತುಂಬ್ಕೊಂಡು, ಡಿಕ್ಕೀಲಿ ಇಬ್ಬರನ್ನ ಮಲಗಿಸ್ಕೊಂಡು ಹೊರಡ್ತೀಯ. ಆಮೇಲೆ ಕುಮ್ರಿ ಕಾರು ಯಾಕೆ ಹಗುರ ಓಡುತ್ತೆ ಅಂತ ಅಳ್ತೀಯ."

ಸಬೋಹತ್ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಮುರಿದಳು.

ಬೀದಿಯಾಚೆಯ ಮನೆ ಬೊಸ್ತೋನ್ ಮೊಮೊಳದು. ಮೊಮೊ ಎಂದರೆ ಅಜ್ಜಿ; ಅವಳ ಸೊಸೆ ಶರೋಫತ್. ಶರೋಫತ್‌ಳ ಹಿರಿಮಗಳಿಗೆ ವಸಂತದಲ್ಲಿ ಮದುವೆ. ಶರೋಫತ್ ಮದುವೆಯಾಗಿ ಬಂದಾಗಿನ ಸೂಜನಿ ಬರೆದವಳು ಸಬೋಹತ್. ಮಗಳದೂ ತನ್ನ ಕೈಗೇ ಬರುತ್ತದೆಂದು ಅವಳು ಕೇಳದೆಯೇ ನಂಬಿದ್ದಳು. ಬೇಸಿಗೆಯ ಒಂದು ದಿನ ಆ ಮನೆಯ ಅಂಗಳದಲ್ಲಿ ಬಟ್ಟೆ ಹಾಸಿದ್ದು ಗೋಡೆಯ ಮೇಲಿಂದ ಕಾಣಿಸಿತು. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಹೊಸ ಕೌದಿಯ ಮೇಲೆ ಕುಮ್ರಿ ಕೂತಿದ್ದಳು. ಅವಳ ಮುಂದೆ ಸಕ್ಕರೆ, ರೊಟ್ಟಿ, ಬಿಳಿ ಬಟ್ಟೆಯ ಉಡುಗೊರೆ. ಸಬೋಹತ್ ಆ ದಿನ ಗೋಡೆಯ ಬದಿಯ ಏಪ್ರಿಕಾಟ್ ಮರದ ಹಣ್ಣು ಕೀಳಲಿಲ್ಲ. ಉದುರಿದವು ಉದುರಿದಲ್ಲೇ ಕೊಳೆತವು.

ಶರತ್ಕಾಲದಲ್ಲಿ ಕುಮ್ರಿಯ ಮಗಳಿಗೆ ಸಮರ್ಕಂದದಲ್ಲಿ ಹೆರಿಗೆಯಾಯಿತು. ನಲವತ್ತು ದಿನ ಬಾಣಂತಿಯ ಪಕ್ಕದಲ್ಲಿರಲು ಕುಮ್ರಿ ಹೊರಟುಹೋದಳು. ಅವಳು ಹೋಗಿ ಎರಡು ವಾರಕ್ಕೆ ಒಂದು ಮಧ್ಯಾಹ್ನ ಶರೋಫತ್ ಹಿಂಬಾಗಿಲಿನಿಂದ ಬಂದಳು. ಮುಸುಕಿನೊಳಗೆ ಒಂದು ಸುರುಳಿ ಬಚ್ಚಿಟ್ಟುಕೊಂಡಿದ್ದಳು. ಮುಖ ಸಪ್ಪಗಿತ್ತು.

ಅವಳು ಹೇಳಿದ್ದು ಇಷ್ಟು. ನಾಲ್ಕು ಪಟ್ಟಿಗಳಲ್ಲಿ ಮೂರನೆಯದು ಅವಳ ಪಾಲಿಗೆ ಬಂದಿತ್ತು. ಪಲಾವಿಗೆ ಕುರಿಬಾಲದ ಕೊಬ್ಬು ಕರಗಿಸುತ್ತಾ ಪಕ್ಕದಲ್ಲಿಟ್ಟುಕೊಂಡಿದ್ದಳು; ಸೌಟು ಜಾರಿ ಕೊಬ್ಬು ಬಟ್ಟೆಯ ಮೇಲೆ ಚೆಲ್ಲಿತು. ಒಂದು ಹೊಲಿಗೆಯೂ ಇನ್ನೂ ಬಿದ್ದಿರಲಿಲ್ಲ. ಗಾಬರಿಯಲ್ಲಿ ಬಿಸಿನೀರಿಗೆ ಹಾಕಿ ಉಜ್ಜಿದಳು. ಕೊಬ್ಬು ಹೋಯಿತು, ಕುಮ್ರಿಯ ಗೆರೆಯೂ ಹೋಯಿತು. ಮದುವೆಯ ಬಟ್ಟೆ ಹೊಲಿಯುವ ಮೊದಲೇ ನೀರಿಗೆ ಬೀಳುವುದು ಅಪಶಕುನ; ಅತ್ತೆಗೆ ತಿಳಿದರೆ ಅವಳ ಗತಿ ಮುಗಿಯಿತು.

"ಓಪಾ, ಎರಡನೇ ಪಟ್ಟೀನೂ ತಂದಿದ್ದೀನಿ. ಬಣ್ಣ ನೋಡ್ಬೇಕು ಅಂತ ಸುಳ್ಳು ಹೇಳಿ ನಾದಿನಿಯಿಂದ ಇಸ್ಕೊಂಡೆ. ಇದನ್ನ ನೋಡ್ಕೊಂಡು ಅದರಲ್ಲಿ ಬರೆದುಕೊಡಿ. ಥೇಟ್ ಕುಮ್ರಿ ಓಪಾ ಬರೆದ ಹಾಗೇ ಇರಬೇಕು. ನಿಮ್ಮ ಕೈ ಅಂತ ಯಾರಿಗೂ ಗೊತ್ತಾಗಬಾರದು."

ಸಬೋಹತ್ ಕೊನೆಯ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಂಡಳು. ನಿನ್ನನ್ನೂ ಕುಮ್ರಿಯನ್ನೂ ತೂಗಿ ನೋಡಿ ಅವಳನ್ನು ಆರಿಸಿದೆವು ಎಂದಿದ್ದರೆ ಸಹಿಸುತ್ತಿದ್ದಳೇನೋ. ಇದು ಹರಕಿಗೆ ತೇಪೆ ಹಾಕುವವಳನ್ನು ಕರೆದಂತಿತ್ತು. ಆದರೂ ಬಾಯಿ ಅಭ್ಯಾಸದಂತೆ ಹೂಂ ಎಂದಿತು. ಯಾರಿಗೂ ಹೇಳುವುದಿಲ್ಲವೆಂದು ರೊಟ್ಟಿ ಮುಟ್ಟಿ ಆಣೆ ಇಟ್ಟಳು. ಶರೋಫತ್ ಸಂಜೆ ಬರುತ್ತೇನೆಂದು ಹೋದಳು.

ಒಳಗಿನ ಕೋಣೆಯಲ್ಲಿ ಅವಳು ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಹಾಸಿದಳು. ಒಂದು ಬೋಳು ಬಿಳುಪು. ಇನ್ನೊಂದರಲ್ಲಿ ಕುಮ್ರಿಯ ಗೆರೆ. ಈ ಮೂರು ವರ್ಷದಲ್ಲಿ ಕುಮ್ರಿಯ ಕೆಲಸವನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ನೋಡದಿರಲು ಶ್ರಮಪಟ್ಟಿದ್ದಳು. ಬಳ್ಳಿ ಅಂಚಿನಿಂದ ಹೊರಟು ಅವಸರವಿಲ್ಲದೆ ಏರುತ್ತಿತ್ತು. ಎಲೆಗಳ ನಡುವೆ ಉಸಿರಾಡುವಷ್ಟು ಜಾಗವಿತ್ತು. ಎರಡನೆಯ ಮತ್ತು ಮೂರನೆಯ ಪಟ್ಟಿ ಕೂಡುವಲ್ಲಿ ಎಂಟು ಮೂಲೆಯ ದೊಡ್ಡ ನಕ್ಷತ್ರ. ಅದರ ಅರ್ಧ ಈ ಪಟ್ಟಿಯಲ್ಲಿ ಸಾವಧಾನವಾಗಿ ಕೂತಿತ್ತು. ಬುಗ್ಗೆಯ ಬಳಿ ಕೂತು ಮೀನು ನೋಡಿದವಳ ಗೆರೆ ಅದು. ದಿನಕ್ಕೆ ಎರಡು ಬಟ್ಟೆ ಬರೆಯುವವಳಿಂದ ಅಂಥ ಗೆರೆ ಹುಟ್ಟುವುದಿಲ್ಲ. ತನ್ನ ಗೆರೆಯೂ ಒಂದು ಕಾಲದಲ್ಲಿ ಹಾಗಿತ್ತು, ಯಾವಾಗ ಹಾಗಿರುವುದನ್ನು ಬಿಟ್ಟಿತೆಂದು ಅವಳಿಗೆ ನೆನಪಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಆ ನೀರಿನ ಹಿಂದೆಯೇ ಹೊಟ್ಟೆಯ ಉರಿಯೂ ಬಂತು.

ಅವಳು ಬೋಳು ಪಟ್ಟಿಯನ್ನು ಮೇಲಕ್ಕೆ ಸರಿಸಿದಳು. ಬಹಳವೇನಿಲ್ಲ, ಒಂದೂವರೆ ಬೆರಳು. ಈಗ ಬರೆದರೆ ಎಲ್ಲ ಗೆರೆಯೂ ಅಷ್ಟು ಕೆಳಗೆ ಬೀಳುತ್ತದೆ. ಬೇರೆಬೇರೆ ನೋಡಿದಾಗ ಯಾರಿಗೂ ತಿಳಿಯುವುದಿಲ್ಲ. ವಸಂತದಲ್ಲಿ ಕೂಡಿಸುವ ದಿನ, ಅರವತ್ತು ಹೆಂಗಸರ ಕಣ್ಣೆದುರು ನಕ್ಷತ್ರ ನಡುವೆ ಮುರಿಯುತ್ತದೆ. ಬರೆದವಳು ಯಾರು ಎಂದರೆ ಕುಮ್ರಿ. ಶರೋಫತ್ ಬಾಯಿ ಬಿಡುವಂತಿಲ್ಲ. ಬೀಗ ಅವಳೇ ಹಾಕಿಕೊಂಡು ಬಂದಿದ್ದಳು.

ಲೇಖನಿ ಮಸಿಗೆ ಅದ್ದಿ ಅಂಗೈ ತೆರೆದಳು. ಮಾತು ಗಂಟಲಿಗೆ ಬಂದು ನಿಂತಿತು. ಇದು ನನ್ನ ಕೈಯಲ್ಲ ಎಂದು ಯಾರಿಗೆ ಹೇಳುವುದು, ಹೇಗೆ ಹೇಳುವುದು. ಅವಳು ಅಂಗೈ ಮುಚ್ಚಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಏನನ್ನೂ ಹೇಳದೆ ಗೆರೆ ಎಳೆದಳು. ಕೈ ನಡುಗಲಿಲ್ಲ. ಅದೇ ಅವಳಿಗೆ ಆಮೇಲೆ ಹೆದರಿಕೆ ಹುಟ್ಟಿಸಿದ ಸಂಗತಿ: ಅಷ್ಟು ಚೆನ್ನಾಗಿ, ಅಷ್ಟು ಎಚ್ಚರವಾಗಿ, ಅವಳು ವರ್ಷಗಳಿಂದ ಬರೆದಿರಲಿಲ್ಲ.

ಚಳಿಗಾಲ ಕಳೆಯಿತು. ವಸಂತದ ನವ್‌ರೋಜ಼್ ಹಬ್ಬಕ್ಕೆ ಹತ್ತು ದಿನವಿರುವಾಗ ಬೊಸ್ತೋನ್ ಮೊಮೊಳ ಮನೆಯಲ್ಲಿ ಕೂಡಿಸುವ ದಿನ ಬಂತು. ಅಂಗಳದ ತುಂಬ ಹೆಂಗಸರು. ಸಮರ್ಕಂದದಿಂದ ಬಂದಿದ್ದ ಕುಮ್ರಿ ಮತ್ತೆ ಗೌರವದ ಜಾಗದಲ್ಲಿ. ಸಬೋಹತ್ ಅವಳಿಂದ ನಾಲ್ಕು ಜನರಾಚೆ. ಕಣ್ಣಿಗೆ ಪೊರೆ ಬಂದಿದ್ದರೂ ಸೂಜಿ ಹಿಡಿಯುವುದು ಹಿರಿಯಳ ಹಕ್ಕು; ಬೊಸ್ತೋನ್ ಮೊಮೊ ಬೆರಳಿನಿಂದಲೇ ಅಂಚು ತಡವುತ್ತಾ ಹೊಲಿದಳು. ಮೊದಲನೆಯದು ಎರಡನೆಯದಕ್ಕೆ ಕೂಡಿತು. ಎರಡನೆಯದಕ್ಕೆ ಮೂರನೆಯದು ಕೂಡಿದಾಗ ಅಂಗಳದ ಹೆಂಗಸರೆಲ್ಲ ಅತ್ತ ತಿರುಗಿದರು.

ನಕ್ಷತ್ರದ ಒಂದು ಅರ್ಧ ಮೇಲೆ, ಇನ್ನೊಂದು ಅರ್ಧ ಕೆಳಗೆ. ಶರೋಫತ್ ಸುಣ್ಣದಂತೆ ಬಿಳುಚಿದಳು. ಕುಮ್ರಿ ಬಟ್ಟೆಯನ್ನು ನೋಡಿದಳು, ಶರೋಫತ್‌ಳ ಮುಖ ನೋಡಿದಳು, ಕೊನೆಗೆ ನಾಲ್ಕು ಜನರಾಚೆ ಸಬೋಹತ್‌ಳನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. ಇಷ್ಟೇ ಬೇಕಾಗಿತ್ತು ಸಬೋಹತ್‌ಗೆ. ಬಾಯಿಗೊಂದು ಒಣದ್ರಾಕ್ಷಿ ಹಾಕಿಕೊಂಡು ಅವಳು ಕಾದಳು.

ಬೊಸ್ತೋನ್ ಮೊಮೊ ಅಂಗೈಯನ್ನು ನಕ್ಷತ್ರದ ಮೇಲೆ ಬಹಳ ಹೊತ್ತು ಆಡಿಸಿದಳು. "ನಮ್ಮಮ್ಮನ ಸೂಜನಿ ಹೀಗೇ ಇತ್ತು," ಎಂದಳು. "ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ಈ ನಕ್ಷತ್ರ ನಡೀತಾ ಇದೆ ಕಣ್ರೇ. ಈಗಿನವರದ್ದೆಲ್ಲ ಸತ್ತ ಹಾಗೆ ನೆಟ್ಟಗೆ ಮಲಗಿರುತ್ತೆ. ಕುಮ್ರಿ, ನಿನ್ನ ಕೈಗೆ ನೋವು ಬಾರದಿರಲಿ."

ಅಷ್ಟೇ ಸಾಕಾಯಿತು. ಅರವತ್ತು ಹೆಂಗಸರೂ ಬಗ್ಗಿ ನೋಡಿದರು. ನೋಡಿದವರಿಗೆಲ್ಲ ನಕ್ಷತ್ರ ನಡೆಯತೊಡಗಿತು. ಮದುಮಗಳು ಫೋನಿನಲ್ಲಿ ಚಿತ್ರ ಹಿಡಿದಳು. ಸಬೋಹತ್‌ಳ ಬಾಯಲ್ಲಿದ್ದ ಒಣದ್ರಾಕ್ಷಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಮದುವೆ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ಆ ಚಿತ್ರ ನುರಾತಾದ ಎಲ್ಲ ಫೋನುಗಳಲ್ಲೂ ಇತ್ತು. ನಡೆಯುವ ನಕ್ಷತ್ರ ಬೇಕೆಂದು ಜನ ಕುಮ್ರಿಯ ಬಾಗಿಲಿಗೆ ಹೋದರು. ಅದು ನನಗೆ ಬರುವುದಿಲ್ಲ ಎಂದು ಕುಮ್ರಿ ಹೇಳಿದಳು. ಎಂಥ ವಿನಯ ಎಂದರು ಜನ, ಇನ್ನೂ ಹತ್ತು ಮಂದಿ ಹೆಚ್ಚಾಗಿ ಹೋದರು. ಈ ಸುದ್ದಿಗಳೆಲ್ಲ ನಾರ್ಮತ್‌ನ ಕಾರಿನಲ್ಲಿ ಕೂತು ಮನೆಗೆ ಬರುತ್ತಿದ್ದವು. ಸಬೋಹತ್ ಕೇಳಿಸಿಕೊಳ್ಳುತ್ತಿದ್ದಳು. ಹಿಂದೆ ಅವಳಿಗೆ ಕುಮ್ರಿಯ ಕೆಲಸ ಕಂಡು ಹೊಟ್ಟೆ ಉರಿಯುತ್ತಿತ್ತು. ಈಗ ತನ್ನದೇ ಕೆಲಸ ಕಂಡು ಉರಿಯುತ್ತಿತ್ತು. ಎಸೆದ ಕಲ್ಲಿಗೆ ಜನ ಹೂ ಮುಡಿಸಿ ಕುಮ್ರಿಯ ಹೆಸರು ಬರೆದಿದ್ದರು. ಆ ಹೂ ತನ್ನದು ಎನ್ನಬೇಕಾದರೆ ಕಲ್ಲೂ ತನ್ನದೇ ಎನ್ನಬೇಕಾಗಿತ್ತು.

ತಡೆಯಲಾರದೆ ಒಂದು ದಿನ ಮಾಡಬಾರದ್ದನ್ನು ಮಾಡಿದಳು. ದೂರದ ಹಳ್ಳಿಯ ಒಬ್ಬ ಹೆಂಗಸು ಬಟ್ಟೆ ತಂದಾಗ, ಕೇಳದಿದ್ದರೂ ನಡುವೆ ಒಂದೂವರೆ ಬೆರಳು ಸರಿಸಿ ನಕ್ಷತ್ರ ಬರೆದಳು. ಆ ಹೆಂಗಸು ತಲೆ ಓರೆ ಮಾಡಿ ನೋಡಿದಳು. "ಕುಮ್ರಿ ಓಪಾದು ನೋಡಿ ಬರೆದ್ರಾ? ಚೆನ್ನಾಗಿದೆ. ಆದರೆ ಅವರದ್ದು ನಡೀತಿತ್ತು, ಇದು ಕುಂಟುತ್ತೆ."

ಅವಳು ಹೇಳಿದ್ದು ನಿಜ, ಸಬೋಹತ್‌ಗೂ ಅದು ಕಂಡಿತು.

ಅಂದಿನಿಂದ ಲೇಖನಿ ಏಳಲಿಲ್ಲ. ಅಂಗೈ ತೆರೆದರೆ ಆ ಮಾತು ಗಂಟಲಲ್ಲಿ ಅಡ್ಡ ನಿಲ್ಲುತ್ತಿತ್ತು. ಕಣ್ಣುನೋವು ಎಂದು ಸುಳ್ಳು ಹೇಳಿ, ಬಂದವರನ್ನು ಮೊದಲ ಬಾರಿಗೆ ವಾಪಸು ಕಳಿಸಿದಳು. ಒಬ್ಬರಲ್ಲ, ಮೂರು ಜನ. "ಕುಮ್ರಿಗೆ ಒಂದು ಬುಧವಾರ," ಎಂದ ನಾರ್ಮತ್, "ನಿನಗೆ ವಾರಕ್ಕೆ ಏಳು ಬುಧವಾರ. ಈ ಸಲ ಅವಳನ್ನ ಸೋಲಿಸಿಬಿಟ್ಟೆ." ಅವಳು ನಗದಿದ್ದುದನ್ನು ಕಂಡು ಅವನು ಬಟ್ಟಲಿಗೆ ತಾನೇ ಚಹಾ ಬಗ್ಗಿಸಿ ಅವಳ ಮುಂದಿಟ್ಟು ಹೋದ. ಐದು ಹೊತ್ತಿನ ನಮಾಜಿನಲ್ಲಿ ಅವಳು ಎಲ್ಲವನ್ನೂ ಕೇಳಿಕೊಂಡಳು, ಆ ಒಂದೂವರೆ ಬೆರಳಿಗೆ ಕ್ಷಮೆಯೊಂದನ್ನು ಬಿಟ್ಟು.

ಏಪ್ರಿಕಾಟ್ ಹಣ್ಣಾಗುವ ಹೊತ್ತಿಗೆ ಕುಮ್ರಿ ಬಂದಳು, ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು. ಕೂತಳು. ಅವರಿವರ ಆರೋಗ್ಯ ಕೇಳಿದಳು. ಕೇಳುವುದು ಮುಗಿದ ಮೇಲೆ ಹೇಳಿದಳು:

"ನಕ್ಷತ್ರದ ತುದಿ ಸ್ವಲ್ಪ ಸುರುಳಿ ಬರೋದು ನಿಮಗೊಬ್ಬರಿಗೇ, ಓಪಾ. ನಮ್ಮಿಬ್ಬರಿಗೂ ಕಲಿಸಿದ ಗುರು ಮೊಮೊ ನನಗೆ ಹೊಡೆದು ಹೊಡೆದು ಸೋತ್ರು, ನನಗೆ ಬರಲಿಲ್ಲ. ಅವತ್ತು ನೋಡಿದ ಕೂಡಲೇ ಗೊತ್ತಾಯ್ತು."

"ಅಲ್ಲೇ ಹೇಳಬೇಕಿತ್ತು."

"ಶರೋಫತ್ ಮುಖ ನೋಡಿದ್ರಲ್ಲ. ಹೇಗೆ ಹೇಳಲಿ?" ಕುಮ್ರಿ ರೊಟ್ಟಿಯ ಗಂಟು ಬಿಚ್ಚಿದಳು. "ಒಂದು ಮಾತು ಕೇಳೋಕೆ ಬಂದೆ. ಅಳತೆ ತಪ್ಪಿದ್ದಾ, ತಪ್ಪಿಸಿದ್ದಾ?"

ತಪ್ಪಿತು ಎನ್ನುವುದು ಸುಲಭವಾಗಿತ್ತು. ಸಬೋಹತ್ ತನ್ನ ಬೆರಳುಗಳ ಮಸಿಕಲೆ ನೋಡುತ್ತಾ ಕೂತಳು. ಕೊನೆಗೆ ತಪ್ಪಿಸಿದ್ದು ಎಂದಳು.

ಕುಮ್ರಿ ಬಿಚ್ಚಿದ ರೊಟ್ಟಿಯ ಗಂಟನ್ನು ಮತ್ತೆ ಮುಚ್ಚಿದಳು. ಆಮೇಲೆ, ತಾನು ಅದನ್ನು ಊಹಿಸಿದ್ದೆನೆಂದೂ, ಊಹೆ ಬೇರೆ ಕೇಳುವುದು ಬೇರೆ ಎಂದೂ, ಈ ಹಣ್ಣು ಒಣಗಿ ಚೀಲ ಸೇರುವವರೆಗಾದರೂ ತನಗೆ ಸಿಟ್ಟು ಇಳಿಯುವುದಿಲ್ಲವೆಂದೂ ಹೇಳಿದಳು. ದನಿ ಏರಿಸಲಿಲ್ಲ. "ಇನ್ಮೇಲೆ ಆ ನಕ್ಷತ್ರ ಕೇಳ್ಕೊಂಡು ಬಂದವರನ್ನ ನಿಮ್ಮ ಬಾಗಿಲಿಗೆ ಕಳಿಸ್ತೀನಿ. ನಿಮ್ಮದು ನೀವೇ ನೋಡ್ಕೊಳ್ಳಿ," ಎಂದು ಎದ್ದಳು. ಚಹಾ ಮುಟ್ಟಿರಲಿಲ್ಲ. ರೊಟ್ಟಿಯನ್ನು ಮಾತ್ರ ಬಿಟ್ಟು ಹೋದಳು.

ಮೊದಲು ಬಂದವಳು ಬೊಸ್ತೋನ್ ಮೊಮೊಳೇ. ಕೋಲೂರಿಕೊಂಡು ಬೀದಿ ದಾಟಿ ಬಂದು, ಬಗಲಿನ ಗಂಟು ಬಿಚ್ಚಿದಳು. ಟಾಕು ಹಾಕಿದ ನಾಲ್ಕು ಪಟ್ಟಿ. ಎರಡನೆಯ ಮೊಮ್ಮಗಳಿಗೆ.

"ಆ ನಕ್ಷತ್ರ ಸಬೋಹತ್ ಹತ್ರ ಬರೆಸ್ಕೊಳ್ಳಿ ಅಂದ್ಲು ಕುಮ್ರಿ. ಬರಿಯಮ್ಮ."

"ಮೊಮೊ, ದೊಡ್ಡ ಮೊಮ್ಮಗಳದ್ದು ಬರೆದದ್ದು ನಾನೇ. ಆ ಒಂದು ಪಟ್ಟಿ. ನನ್ನ ಕೈಗೆ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ."

"ಕೇಳೋದೇನಿದೆ. ಕುರಿಬಾಲದ ಕೊಬ್ಬು ಬಿದ್ದ ಬಟ್ಟೆ ಏಳು ಸಲ ಒಗೆದರೂ ವಾಸನೆ ಬಿಡಲ್ಲ. ಪೊರೆ ಬಂದಿರೋದು ನನ್ನ ಕಣ್ಣಿಗೆ, ಮೂಗಿಗಲ್ಲ. ಕುಮ್ರಿ ಆಗ ಸಮರ್ಕಂದದಲ್ಲಿದ್ಲು. ಇನ್ಯಾರು ಬರೀತಾರೆ, ನಿನ್ನ ಗಂಡನಾ?" ಮೊಮೊ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಸೊಸೆ ಮಾನ ಅಷ್ಟು ಜನರ ಮುಂದೆ ತೆಗೆಯೋಕಾಗುತ್ತಾ? ಅದಕ್ಕೇ ಕುಮ್ರಿ ಹೆಸರು ಹೇಳಿದೆ. ಇಬ್ಬರ ಕೈ ಬಿತ್ತಲ್ಲ, ಅದಕ್ಕೇ ನಡೀತು ಅಂದ್ಕೊಂಡೆ."

ಬಾಗಿಲು ತಾನಾಗಿ ತೆರೆದಿತ್ತು. ಸುಮ್ಮನಿದ್ದರೆ ಸಾಕು, ಹೆಸರು ಮನೆಗೆ ಬರುತ್ತಿತ್ತು. ನಲವತ್ತು ಹಳ್ಳಿಯೂ ಹಿಂದೆಯೇ ಬರುತ್ತಿತ್ತು. ಒಂದು ವರ್ಷದಿಂದ ಅವಳು ಬಯಸಿದ್ದು ಇದನ್ನೇ. ಸಬೋಹತ್ ಬಿಳಿ ಬಟ್ಟೆಯ ಮೇಲೆ ಕೈಯಿಟ್ಟಳು. ಇಂದಲ್ಲ ನಾಳೆ ಇದರ ಮೇಲೆ ಅಂಗೈ ತೆರೆದು ಆ ಮಾತು ಹೇಳಬೇಕು. ಹೇಳಲು ಬಾರದಿದ್ದರೆ ಹೆಸರಿಟ್ಟುಕೊಂಡು ಏನು ಮಾಡುವುದು.

"ಮೊಮೊ, ಕುಮ್ರಿ ತಲೆ ತಗ್ಗಿಸಲಿ ಅಂತ ಒಂದೂವರೆ ಬೆರಳು ಸರಿಸಿ ಬರೆದೆ. ಹೊಟ್ಟೆಕಿಚ್ಚಿನಲ್ಲಿ ಬರೆದೆ. ಬೀಬಿ ಫಾತಿಮಾ ಹೆಸರು ಹೇಳಲಿಲ್ಲ. ಅದು ನನ್ನ ಕೈ, ನನ್ನದೊಂದೇ."

ಮೊಮೊ ನಗುವುದನ್ನು ನಿಲ್ಲಿಸಿದಳು.

"ಇದೊಂದು ನನಗೆ ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದಳು. "ನನ್ನ ಮೊಮ್ಮಗಳು ಅದರ ಕೆಳಗೆ ಮಲಗ್ತಾಳೆ, ಸಬೋಹತ್."

ಈ ಇಡೀ ವರ್ಷದಲ್ಲಿ ಸಬೋಹತ್ ಕುಮ್ರಿಯನ್ನು ನೆನೆದಿದ್ದಳು, ತನ್ನನ್ನು ನೆನೆದಿದ್ದಳು, ಅರವತ್ತು ಹೆಂಗಸರನ್ನೂ ನೆನೆದಿದ್ದಳು. ಆ ಹುಡುಗಿಯನ್ನು ಒಮ್ಮೆಯೂ ನೆನೆದಿರಲಿಲ್ಲ. ಕಾಯಲಿ ಎಂದು ಕಟ್ಟಿದ ಬಟ್ಟೆಯ ನಡುವೆ ತನ್ನ ಉರಿಯನ್ನು ಹೊಲಿದು ಅವಳ ತಲೆಯ ಮೇಲೆ ತೂಗಹಾಕಿದ್ದಳು.

ಅವಳು ಅತ್ತಳು. ಮೊಮೊ ಅಳು ಮುಗಿಯುವವರೆಗೂ ಕಾದಳು, ಸಮಾಧಾನ ಹೇಳಲಿಲ್ಲ.

"ಒಂದು ಎಲೆ ಹೊಲಿಯದೆ ಬಿಟ್ಟಿದ್ದೇವಲ್ಲ," ಎಂದಳು ಆಮೇಲೆ. "ಯಾಕೆ ಬಿಡ್ತೀವಿ ಅಂದ್ಕೊಂಡೆ? ಮನುಷ್ಯರು ಮಾಡಿದ್ದಕ್ಕೆ ಆಮೇಲೂ ಒಂದು ಹೊಲಿಗೆ ಬೇಕಾಗುತ್ತೆ. ಹೋಗು. ಅವಳ ಗಂಡನ ಮನೇಗೆ ಹೋಗಿ, ದೇವರ ಹೆಸರು ಹೇಳಿ, ಅರ್ಧ ಎಲೆ ಹೊಲಿದು ಬಾ. ಅರ್ಧ ಹಾಗೇ ಬಿಡು. ಆ ಮಗೂಗೆ ಏನೂ ಹೇಳಬೇಡ." ಕೋಲು ಹಿಡಿದು ಎದ್ದಳು. ಬಾಗಿಲಲ್ಲಿ ತಿರುಗಿ, ಬಟ್ಟೆ ಇಲ್ಲೇ ಇರಲಿ ಎಂದಳು. ಇದರಲ್ಲಿ ನಕ್ಷತ್ರ ಎಲ್ಲರದ್ದರ ಹಾಗೆ ನೆಟ್ಟಗೆ ಮಲಗಿರಲಿ, ಅವಸರವಿಲ್ಲ.

ಮರುದಿನವೇ ನಾರ್ಮತ್‌ನ ಕಾರಿನಲ್ಲಿ ಸಬೋಹತ್ ಹೋದಳು. ಗಂಡನ ಮನೆಯಲ್ಲಿ ಹುಡುಗಿ ಮೈತುಂಬಿಕೊಂಡು ನಗುನಗುತ್ತಾ ಇದ್ದಳು. ಅಜ್ಜಿ ಫೋನು ಮಾಡಿ ಹೇಳಿದ್ದಳಂತೆ, ಯಾಕೆ ಎಂದು ಕೇಳಲಿಲ್ಲ. ಸಬೋಹತ್ ಗೋಡೆಯ ಮೇಲಿನ ನಕ್ಷತ್ರವನ್ನು ತಲೆಯೆತ್ತಿ ನೋಡಿದಳು. ಅದು ನಿಜವಾಗಿ ನಡೆಯುತ್ತಿತ್ತು. ಬಟ್ಟೆ ಇಳಿಸಿ, ಮೂಲೆಯ ಎಲೆಯನ್ನು ಮಡಿಲಿಗೆಳೆದುಕೊಂಡು ಅಂಗೈ ತೆರೆದಳು. ಇದು ನನ್ನ ಕೈಯಲ್ಲ, ಎಂದಳು. ಮಾತು ಅಡ್ಡ ನಿಲ್ಲಲಿಲ್ಲ. ಹಸಿರು ದಾರದಲ್ಲಿ ಅರ್ಧ ಎಲೆ ಹೊಲಿದಳು. ಅದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು.

ಹಿಂತಿರುಗಿ ಬಂದವಳು ಆ ವಾರ ಬಂದ ಐದು ಜನರಲ್ಲಿ ಇಬ್ಬರಿಗೆ ಹೂಂ ಎಂದಳು. ನಡೆಯುವ ನಕ್ಷತ್ರ ಕೇಳಿದವರಿಗೆ, ಅದು ಒಂದೇ ಸಲ ನಡೆದದ್ದು, ಇನ್ನು ನನ್ನಿಂದಾಗದು ಎಂದಳು. ಮೂವರು ಎದ್ದು ಹೋದರು. ಅವರು ನೇರವಾಗಿ ಯಾರ ಮನೆಗೆ ಹೋದರೆಂದು ತಿಳಿದಿತ್ತು. ಒಳಗೆ ಸುರ್ರೆಂದಿತು. ಸುರ್ರೆನ್ನಲಿ ಎಂದು ಬಿಟ್ಟು ಲೇಖನಿ ತೆಗೆದುಕೊಂಡಳು.

ಹಣ್ಣು ಒಣಗಿ ಚೀಲ ಸೇರಿದ ಮೇಲೆ ಒಂದು ಬೆಳಿಗ್ಗೆ ಸಬೋಹತ್ ಬುಗ್ಗೆ ಕಟ್ಟೆಯ ಮೇಲೆ ಕೂತಿದ್ದಳು. ಮೀನುಗಳು ನೀರಿನ ತಳದಲ್ಲಿ ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ಬಗಲಲ್ಲಿ ಗಂಟು ಹಿಡಿದು ದಾರಿಯಲ್ಲಿ ಹೋಗುತ್ತಿದ್ದ ಕುಮ್ರಿ ಅವಳನ್ನು ಕಂಡು ನಿಂತಳು. ಹೋಗಲೋ ಬೇಡವೋ ಎಂಬಂತೆ ಒಂದು ಗಳಿಗೆ ನಿಂತು, ಹತ್ತಿರ ಬಂದಳು.

"ಓಪಾ, ಇವತ್ತು ಮಂಗಳವಾರ."

"ಗೊತ್ತು. ಮಂಗಳವಾರ ನಾನು ಬರೆಯಲ್ಲ."

"ಮಂಗಳವಾರವೇ ಯಾಕೆ?"

ನೂಲುವವರ, ಹೊಲಿಯುವವರ ತಾಯಿ ಬೀಬಿ ಸೆಶಂಬೆಯ, ಅಂದರೆ ಮಂಗಳವಾರದಮ್ಮನ, ದಿನ ಅದು, ಅದಕ್ಕೇ ಎಂದಳು ಸಬೋಹತ್. ಅದು ಸುಳ್ಳಲ್ಲ. ಕುಮ್ರಿ ತಲೆಯಾಡಿಸಿ, ಗಂಟನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು ಕೆಲಸಕ್ಕೆ ನಡೆದಳು. ಮಂಗಳವಾರವೆಂಬುದು ಕುಮ್ರಿಯ ಬುಧವಾರಕ್ಕಿಂತ ಒಂದು ದಿನ ಮೊದಲು ಬರುತ್ತದೆ ಎಂಬ ಸಂಗತಿಯನ್ನು ಅವಳು ಕುಮ್ರಿಗೆ ಹೇಳಲಿಲ್ಲ. ಮೀನುಗಳಿಗೆ ಮಾತ್ರ, ಮೆಲ್ಲಗೆ, ಹೇಳಿಕೊಂಡಳು.